ಕಾಲಿನ್ ಮ್ಯಾಕಿನ್ನಿಸ್
ಕಾಲಿನ್ ಮ್ಯಾಕಿನ್ನಿಸ್ (1914–1976) ಇಂಗ್ಲೆಂಡಿನ ಕಾದಂಬರಿಕಾರರು ಹಾಗೂ ಪ್ರಬಂಧಕಾರರು. ಸಮಾಜದ ಅಂಚಿನಲ್ಲಿದ್ದ ಹದಿಹರೆಯದವರ ಮತ್ತು ವಲಸಿಗರ ಬದುಕನ್ನು ಕುರಿತ 'ಅಬ್ಸಲ್ಯೂಟ್ ಬಿಗಿನರ್ಸ್' (1959) ಇವರ ಅತ್ಯಂತ ಪ್ರಸಿದ್ಧ ಕಾದಂಬರಿ.

ಬಾಲ್ಯ ಮತ್ತು ಜೀವನ

ಮ್ಯಾಕಿನ್ನಿಸ್ ಲಂಡನ್ನಿನಲ್ಲಿ ಜನಿಸಿದರು. ತಂದೆ ಜೇಮ್ಸ್ ಕ್ಯಾಂಪ್‌ಬೆಲ್ ಮ್ಯಾಕಿನ್ನಿಸ್ ಗಾಯಕರು. ತಾಯಿ ಏಂಜೆಲಾ ಥರ್ಕೆಲ್ ಮುಂದೆ ಜನಪ್ರಿಯ ಕಾದಂಬರಿಕಾರ್ತಿಯಾದರು. ಏಂಜೆಲಾ ಅವರು ಚಿತ್ರಕಾರ ಎಡ್ವರ್ಡ್ ಬರ್ನ್-ಜೋನ್ಸ್ ಅವರ ಮೊಮ್ಮಗಳು. ಮುಂಬಯಿಯಲ್ಲಿ ಹುಟ್ಟಿದ ಲೇಖಕ ರಡ್ಯಾರ್ಡ್ ಕಿಪ್ಲಿಂಗ್ ಈ ಮನೆತನಕ್ಕೆ ಬಂಧುವಾಗಿದ್ದರು. ತಂದೆತಾಯಿಗಳ ವಿಚ್ಛೇದನದ ಬಳಿಕ ತಾಯಿ ಮರುಮದುವೆಯಾದರು; 1920ರಲ್ಲಿ ಕುಟುಂಬವು ಆಸ್ಟ್ರೇಲಿಯಾಕ್ಕೆ ತೆರಳಿತು. ಮೆಲ್ಬರ್ನಿನಲ್ಲಿ ಬೆಳೆದ ಮ್ಯಾಕಿನ್ನಿಸ್ 1930ರ ದಶಕದಲ್ಲಿ ಯುರೋಪಿಗೆ ಮರಳಿ, ಲಂಡನ್ನಿನಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡಿದರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯಲ್ಲಿ ಸೇವೆ ಸಲ್ಲಿಸಿದರು. ಆ ಅನುಭವದಿಂದ ಮೂಡಿದ 'ಟು ದ ವಿಕ್ಟರ್ಸ್ ದ ಸ್ಪಾಯಿಲ್ಸ್' 1950ರಲ್ಲಿ ಪ್ರಕಟವಾಯಿತು.

ಲಂಡನ್ ಕಾದಂಬರಿಗಳು

'ಸಿಟಿ ಆಫ್ ಸ್ಪೇಡ್ಸ್' (1957), 'ಅಬ್ಸಲ್ಯೂಟ್ ಬಿಗಿನರ್ಸ್' ಮತ್ತು 'ಮಿಸ್ಟರ್ ಲವ್ ಅಂಡ್ ಜಸ್ಟಿಸ್' (1960) ಇವರ ಲಂಡನ್ ಕಾದಂಬರಿತ್ರಯವೆಂದು ಹೆಸರಾಗಿವೆ. ಮೊದಲನೆಯದು ಆಫ್ರಿಕಾದಿಂದ ಬಂದ ಯುವಕರ ಜೀವನವನ್ನೂ, ಕೊನೆಯದು ಪೊಲೀಸರ ಮತ್ತು ವೇಶ್ಯಾವೃತ್ತಿಯ ಜಗತ್ತನ್ನೂ ನಿರೂಪಿಸುತ್ತವೆ.

'ಅಬ್ಸಲ್ಯೂಟ್ ಬಿಗಿನರ್ಸ್' ಬರೆಯುವಾಗ ಮ್ಯಾಕಿನ್ನಿಸ್ ನಲವತ್ತು ದಾಟಿದ್ದರು. ಆದರೆ ಕಥೆ ಹೇಳುವವನು ಹದಿಹರೆಯದ ಒಬ್ಬ ಛಾಯಾಗ್ರಾಹಕ. ಅವನ ಹೆಸರು ಎಲ್ಲಿಯೂ ಬರುವುದಿಲ್ಲ. ಯುದ್ಧಾನಂತರ ಮೊದಲ ಬಾರಿಗೆ ಕೈಯಲ್ಲಿ ಹಣ ಕಂಡ ತರುಣರ ಉಡುಪು, ಜಾಝ್ ಸಂಗೀತ, ಆಡುಮಾತುಗಳು ಕೃತಿಯ ತುಂಬ ಹರಡಿವೆ. ಹಿರಿಯರ ಲೋಕಕ್ಕೆ ಸೇರದ ತನ್ನ ಪೀಳಿಗೆಯ ಬಗ್ಗೆ ನಾಯಕನಿಗೆ ಹೆಮ್ಮೆಯಿದೆ. 1958ರಲ್ಲಿ ನಾಟಿಂಗ್ ಹಿಲ್ ಪ್ರದೇಶದ ಕಪ್ಪುವರ್ಣೀಯರ ಮೇಲೆ ನಡೆದ ದಾಳಿಗಳು ಆ ಹೆಮ್ಮೆಯನ್ನು ಅಲುಗಿಸುತ್ತವೆ. ದಾಳಿಕೋರರಲ್ಲಿ ಅವನ ವಯಸ್ಸಿನವರೂ ಇದ್ದಾರೆ. ಯೌವನವೊಂದೇ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡದು ಎಂಬ ಅರಿವೇ ಅವನು ಪ್ರೌಢನಾಗುವ ಹಂತ. ದೇಶ ಬಿಡಲು ವಿಮಾನನಿಲ್ದಾಣಕ್ಕೆ ಹೋದವನು, ಕೊನೆಗೆ ಆಗತಾನೇ ಬಂದಿಳಿದ ಆಫ್ರಿಕನ್ನರನ್ನು ಸ್ವಾಗತಿಸುತ್ತಾನೆ.

ನಿಧನ ಮತ್ತು ಪ್ರಭಾವ

ಮ್ಯಾಕಿನ್ನಿಸ್ 1976ರ ಏಪ್ರಿಲ್‌ನಲ್ಲಿ ನಿಧನರಾದರು. ಅದೇ ವರ್ಷ ಲಂಡನ್ನಿನಲ್ಲಿ ಪಂಕ್ ಸಂಗೀತ ಮತ್ತು ಅದರ ಬಂಡಾಯದ ವೇಷಭೂಷಣಗಳು ಪ್ರಚಾರಕ್ಕೆ ಬಂದವು. ಪಂಕ್ ಅಲೆಯೊಂದಿಗೆ ಬೆಳಕಿಗೆ ಬಂದ 'ದ ಜಾಮ್' ತಂಡವು 1981ರಲ್ಲಿ ಈ ಕಾದಂಬರಿಯ ಹೆಸರನ್ನೇ ತನ್ನ ಒಂದು ಹಾಡಿಗೆ ಇಟ್ಟಿತು. 'ಸೆಕ್ಸ್ ಪಿಸ್ಟಲ್ಸ್' ಎಂಬ ಪಂಕ್ ತಂಡದ ಕುರಿತು ಚಿತ್ರ ಮಾಡಿದ್ದ ಜೂಲಿಯನ್ ಟೆಂಪಲ್ ಅವರು ಕಾದಂಬರಿಯನ್ನು 1986ರಲ್ಲಿ ಚಲನಚಿತ್ರವಾಗಿಸಿದರು. ಗಾಯಕ ಡೇವಿಡ್ ಬೋವಿ ಅದರಲ್ಲಿ ನಟಿಸಿದರು. ಹೀಗೆ ಮ್ಯಾಕಿನ್ನಿಸ್ ಅವರ ಕೃತಿಯು ಅವರು ಕಾಣದ ಪೀಳಿಗೆಯನ್ನು ತಲುಪಿತು.