ಬಾಬ್ ಮಾರ್ಲಿ: ಬಂದೂಕನ್ನು ಮೀರಿ ಉಳಿದ ಹಾಡು

ಹರಿಹರದಲ್ಲಿ 1938ರಲ್ಲಿ ಜನಿಸಿದ ಕನ್ನಡ ಅಧ್ಯಾಪಕ ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ದಲಿತ ಸಂಘರ್ಷ ಸಮಿತಿಗೆ ಅಡಿಪಾಯ ಹಾಕಿದ್ದು 1970ರ ದಶಕದ ನಡುವಿನಲ್ಲಿ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾದದ್ದು 1975ರಲ್ಲಿ. ಕರ್ನಾಟಕದಲ್ಲಿ ಹೋರಾಟ ಹೀಗೆ ಹಾಡಿನ ಕೈಹಿಡಿದು ನಡೆಯಲಾರಂಭಿಸಿದ ಕಾಲದಲ್ಲೇ, ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪವಾದ ಜಮೈಕಾದಲ್ಲಿ ಗುಲಾಮರ ಸಂತತಿಯ ನೋವಿಗೆ ಗಾಯಕನೊಬ್ಬ ದನಿಯಾಗಿದ್ದ. ಆತನೇ ಬಾಬ್ ಮಾರ್ಲಿ.

ತಗಡಿನ ಕೇರಿಯ ಹುಡುಗ

ರಾಬರ್ಟ್ ನೆಸ್ಟಾ ಮಾರ್ಲಿ ಹುಟ್ಟಿದ್ದು 1945ರ ಫೆಬ್ರವರಿ 6ರಂದು, ನೈನ್ ಮೈಲ್ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ. ತಾಯಿ ಸೆಡೆಲ್ಲಾ ಕಪ್ಪು ವರ್ಣದ ಹಳ್ಳಿಯ ಯುವತಿ. ತಂದೆ ನಾರ್ವಲ್ ವಯಸ್ಸಾದ ಬಿಳಿಯ. ಮಗ ತಂದೆಯನ್ನು ಕಂಡದ್ದೇ ಅಪರೂಪ. ಬಿಳಿಯರಿಗೂ ಕರಿಯರಿಗೂ ಪೂರ್ತಿ ಸೇರದವನೆಂಬ ಮೂದಲಿಕೆ ಬಾಲ್ಯದಿಂದಲೇ ಬೆನ್ನುಹತ್ತಿತು.

ಹನ್ನೆರಡರ ಆಸುಪಾಸಿನಲ್ಲಿ ತಾಯಿಯೊಡನೆ ರಾಜಧಾನಿ ಕಿಂಗ್‌ಸ್ಟನ್‌ನ ಟ್ರೆಂಚ್‌ಟೌನ್ ಎಂಬ ಬಡವರ ಕೇರಿಗೆ ಬಂದ ಹುಡುಗ, ಕೆಲಕಾಲ ವೆಲ್ಡಿಂಗ್ ಕಲಿತ. ಆದರೆ ಮನಸ್ಸು ನೆಟ್ಟಿದ್ದು ಹಾಡಿನಲ್ಲಿ. ಗೆಳೆಯರಾದ ಪೀಟರ್ ಟಾಷ್, ಬನ್ನಿ ಲಿವಿಂಗ್‌ಸ್ಟನ್ ಜೊತೆಗೂಡಿ 1963ರಲ್ಲಿ ‘ವೇಲರ್ಸ್’ ತಂಡ ಕಟ್ಟಿದ. ಕೇರಿಯ ಪುಂಡ ಹುಡುಗರಿಗೆ ಸಮಾಧಾನ ಹೇಳುವ ಗೀತೆಯೇ ತಂಡದ ಮೊದಲ ಜನಪ್ರಿಯ ಹಾಡಾಯಿತು. 1966ರಲ್ಲಿ ಗಾಯಕಿ ರೀಟಾಳನ್ನು ವರಿಸಿದ. ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿಯನ್ನು ದೇವರೆಂದು ನಂಬುವ ರಾಸ್ತಫಾರಿ ಪಂಥದತ್ತ ಆತ ಹೊರಳಿದ್ದೂ ಆ ವರ್ಷಗಳಲ್ಲೇ.

1968ರ ಹೊತ್ತಿಗೆ ಜಮೈಕಾದಲ್ಲಿ ‘ರೆಗೇ’ ಎಂಬ ಹೊಸ ಬಗೆ ರೂಪುಗೊಂಡಿತ್ತು. ಗಿಟಾರ್ ತಾಳದ ಪೆಟ್ಟಿನ ಮೇಲೆ ಬೀಳದೆ ಎರಡು ಪೆಟ್ಟುಗಳ ನಡುವೆ ಮಿಡಿಯುತ್ತದೆ. ಮಂದ್ರದ ಬೇಸ್ ವಾದ್ಯವೇ ಮುಂದೆ ನಿಂತು ಹಾಡನ್ನು ನಡೆಸುತ್ತದೆ. ಈ ನಿಧಾನದ ನಡಿಗೆಯಲ್ಲಿ ಹಸಿವು, ಜೈಲು, ಗುಲಾಮಗಿರಿಯ ನೆನಪುಗಳು ಮಾತಾಗತೊಡಗಿದವು. 1973ರ ‘ಕ್ಯಾಚ್ ಎ ಫೈರ್’ ಧ್ವನಿಮುದ್ರಿಕೆ ವೇಲರ್ಸ್ ತಂಡವನ್ನು ದ್ವೀಪದಾಚೆಗೆ ಪರಿಚಯಿಸಿತು. ಮರುವರ್ಷ ಟಾಷ್ ಮತ್ತು ಬನ್ನಿ ಬೇರೆಯಾದರು.

ಗುಂಡೇಟಿನ ಎರಡು ದಿನಗಳ ನಂತರ

ಆಗ ಜಮೈಕಾದ ಎರಡು ರಾಜಕೀಯ ಪಕ್ಷಗಳ ಬೆಂಬಲಿಗರು ಕೇರಿ ಕೇರಿಗಳಲ್ಲಿ ಬಂದೂಕು ಹಿಡಿದಿದ್ದರು. 1976ರ ಡಿಸೆಂಬರ್ 3ರಂದು, ಉಚಿತ ಸಂಗೀತ ಸಭೆಯೊಂದಕ್ಕೆ ಎರಡು ದಿನ ಮೊದಲು, ಬಂದೂಕುಧಾರಿಗಳು ಮಾರ್ಲಿಯ ಮನೆಗೆ ನುಗ್ಗಿದರು. ಆತನ ಎದೆ ಮತ್ತು ತೋಳಿಗೆ ಗಾಯವಾಯಿತು. ರೀಟಾಳ ತಲೆಗೆ ಗುಂಡು ತಗುಲಿತು. ವ್ಯವಸ್ಥಾಪಕ ಡಾನ್ ಟೇಲರ್ ತೀವ್ರವಾಗಿ ಗಾಯಗೊಂಡ. ಆದರೂ ಡಿಸೆಂಬರ್ 5ರಂದು ಮಾರ್ಲಿ ವೇದಿಕೆ ಏರಿ ಹಾಡಿದ. ಆ ಬಳಿಕ ದೇಶ ಬಿಟ್ಟು ಇಂಗ್ಲೆಂಡ್ ಸೇರಿದ.

ಮರಳಿದ್ದು 1978ರಲ್ಲಿ. ಏಪ್ರಿಲ್ 22ರ ಶಾಂತಿ ಸಂಗೀತ ಸಭೆಯಲ್ಲಿ ಪ್ರಧಾನಿ ಮೈಕೆಲ್ ಮ್ಯಾನ್ಲಿ ಮತ್ತು ವಿರೋಧ ಪಕ್ಷದ ನಾಯಕ ಎಡ್ವರ್ಡ್ ಸಿಯಾಗಾ ಇಬ್ಬರನ್ನೂ ವೇದಿಕೆಗೆ ಕರೆದು ಅವರ ಕೈಗಳನ್ನು ಕೂಡಿಸಿ ಮೇಲೆತ್ತಿದ. ಆ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಆದರೆ ಕಿಂಗ್‌ಸ್ಟನ್‌ನಲ್ಲಿ ಬಂದೂಕು ಸುಮ್ಮನಾಗಲಿಲ್ಲ. ಸಭೆಗಾಗಿ ಶ್ರಮಿಸಿದ್ದ ಎದುರಾಳಿ ಗುಂಪುಗಳ ಇಬ್ಬರು ಮುಖಂಡರೂ 1980 ಮುಗಿಯುವ ಮುನ್ನ ಗುಂಡಿಗೆ ಬಲಿಯಾದರು. ಆ ವರ್ಷದ ಚುನಾವಣೆಯ ಹಿಂಸೆಯಲ್ಲಿ ಸುಮಾರು 800 ಜನ ಸತ್ತರು. ಕೂಡಿಸಿದ ಕೈಗಳು ಬೇರ್ಪಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಆಫ್ರಿಕಾದ ಕರೆ

ತನ್ನ ಕೇರಿಯಲ್ಲಿ ಸೋತ ಹಾಡು ಪೂರ್ವಜರ ಖಂಡದಲ್ಲಿ ಬೇರೂರಿತು. 1979ರಲ್ಲಿ ಮಾರ್ಲಿ ‘ಜಿಂಬಾಬ್ವೆ’ ಎಂಬ ಗೀತೆಯನ್ನು ಹೊರತಂದಾಗ ಆ ಹೆಸರಿನ ಸ್ವತಂತ್ರ ದೇಶವಿನ್ನೂ ಉದಯಿಸಿರಲಿಲ್ಲ. 1980ರ ಏಪ್ರಿಲ್‌ನಲ್ಲಿ ಅದು ಸ್ವತಂತ್ರವಾದ ರಾತ್ರಿ, ಸ್ವಂತ ಖರ್ಚಿನಲ್ಲಿ ವಾದ್ಯ ಪರಿಕರಗಳನ್ನು ಸಾಗಿಸಿ ಅಲ್ಲಿ ಹಾಡಿದ. ಒಳಬರಲಾಗದ ಜನ ನುಗ್ಗಿದಾಗ ಪೊಲೀಸರು ಸಿಡಿಸಿದ ಅಶ್ರುವಾಯು ವೇದಿಕೆಗೂ ತಲುಪಿತು. ಮರುದಿನ ಜನಸಾಮಾನ್ಯರಿಗಾಗಿ ಮತ್ತೊಮ್ಮೆ ಹಾಡಿದ.

ಅಷ್ಟರಲ್ಲಿ ಕಾಯಿಲೆ ಒಳಗೇ ಹಬ್ಬಿತ್ತು. 1977ರಲ್ಲೇ ಕಾಲ್ಬೆರಳಿನಲ್ಲಿ ಚರ್ಮದ ಕ್ಯಾನ್ಸರ್ ಪತ್ತೆಯಾಗಿತ್ತು. ಬೆರಳು ಕತ್ತರಿಸಲು ಆತ ಒಪ್ಪಿರಲಿಲ್ಲ. 1980ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಉದ್ಯಾನವೊಂದರಲ್ಲಿ ಓಡುತ್ತಿದ್ದಾಗ ಕುಸಿದುಬಿದ್ದ. ಕೆಲವೇ ದಿನಗಳಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಕೊನೆಯ ಕಛೇರಿ ನಡೆಯಿತು. 1981ರ ಮೇ 11ರಂದು ಮಯಾಮಿಯಲ್ಲಿ ಕೊನೆಯುಸಿರೆಳೆದಾಗ ವಯಸ್ಸು ಕೇವಲ 36. ಸರ್ಕಾರಿ ಗೌರವದೊಂದಿಗೆ ದೇಹ ಹುಟ್ಟೂರಿನ ಮಣ್ಣು ಸೇರಿತು.

ಬಂದೂಕು ಮುಂದೆಯೂ ರೆಗೇ ಗಾಯಕರನ್ನು ಬಿಡಲಿಲ್ಲ. ಪೀಟರ್ ಟಾಷ್ 1987ರಲ್ಲಿ ತನ್ನ ಮನೆಯಲ್ಲೇ ಹತನಾದ. ವರ್ಣಭೇದದ ವಿರುದ್ಧ ಹಾಡಿದ ದಕ್ಷಿಣ ಆಫ್ರಿಕಾದ ಲಕ್ಕಿ ಡೂಬೆ 2007ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಕಾರುಗಳ್ಳರ ಗುಂಡಿಗೆ ಬಲಿಯಾದ. ಹಾಡು ಮಾತ್ರ ನಿಲ್ಲಲಿಲ್ಲ. ಐವರಿ ಕೋಸ್ಟ್‌ನ ಆಲ್ಫಾ ಬ್ಲಾಂಡಿ ಅದನ್ನು ತನ್ನ ನೆಲದ ದ್ಯುಲಾ ಭಾಷೆಗೆ ತಂದ. 2018ರಲ್ಲಿ ಯುನೆಸ್ಕೊ ರೆಗೇಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 2020ರಲ್ಲಿ ಜಮೈಕಾದ ಯುವ ಗಾಯಕಿ ಕಾಫಿ, ರೆಗೇ ಆಲ್ಬಂಗಾಗಿ ಗ್ರ್ಯಾಮಿ ಪಡೆದ ಮೊದಲ ಮಹಿಳೆಯೆನಿಸಿದಳು.

ಕನ್ನಡ ರಂಗಭೂಮಿಯೂ ಈ ಹೆಸರನ್ನು ತನ್ನದಾಗಿಸಿಕೊಂಡಿದೆ. ಕೆ.ಪಿ. ಲಕ್ಷ್ಮಣ್ ನಿರ್ದೇಶನದ ‘ಬಾಬ್ ಮಾರ್ಲಿ ಫ್ರಮ್ ಕೋಡಿಹಳ್ಳಿ’ ನಾಟಕದಲ್ಲಿ ನಗರಕ್ಕೆ ಬಂದ ದಲಿತ ಯುವಜನರು ತಮ್ಮ ಗುರುತಿನ ಪ್ರಶ್ನೆಗೆ ಮುಖಾಮುಖಿಯಾಗುತ್ತಾರೆ. ಟ್ರೆಂಚ್‌ಟೌನ್‌ನ ಬಂದೂಕನ್ನು ಮಾರ್ಲಿಯ ಹಾಡು ತಡೆಯಲಿಲ್ಲ. ಆದರೆ ತಲೆತಗ್ಗಿಸಿ ನಡೆಯಬೇಕಾದ ಕೇರಿ ಎಲ್ಲೇ ಇರಲಿ, ಅಲ್ಲಿಗೆ ಅದು ಇಂದಿಗೂ ದಾರಿ ಕಂಡುಕೊಳ್ಳುತ್ತಿದೆ.