ಗುಬ್ಬಿ ಹಿಡಿದು ಬಂದ ಹುಡುಗ: ಸಲೀಂ ಅಲಿ



ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ಮಹನೀಯರ ಜೀವನ ಬರೆಯಬೇಕು ಅಂದಾಗ ನಾನು ಪಕ್ಷಿತಜ್ಞ ಡಾ. ಸಲೀಂ ಅಲಿಯವರನ್ನು ಆರಿಸಿಕೊಂಡೆ. ಅದಕ್ಕೊಂದು ಕಾರಣ ಇದೆ. ಮುಚ್ಚಿಡದೆ ಮೊದಲೇ ಹೇಳಿಬಿಡುತ್ತೇನೆ.

ಹೋದ ಮಳೆಗಾಲದಲ್ಲಿ ಬಾವಿ ಹತ್ತಿರದ ಈಚಲು ಮರದಲ್ಲಿದ್ದ ಒಂದು ಗೀಜಗನ ಹಕ್ಕಿಗೆ ನಾನು ಕ್ಯಾಟರ್‌ಬಿಲ್ಲಿನಿಂದ ಹೊಡೆದೆ. ಗುರಿ ತಾಗಿತಲ್ಲಾ ಅಂತ ಮೊದಲು ಖುಷಿಯಾಯ್ತು. ಕೈಗೆತ್ತಿಕೊಂಡಾಗ ಅದರ ಮೈ ಇನ್ನೂ ಬೆಚ್ಚಗಿತ್ತು. ತಲೆ ಮೇಲೆ ಅರಿಶಿನ ಬಳಿದ ಹಾಗೆ ಹಳದಿ ಬಣ್ಣ. ಇದರ ತಲೆ ಮಾತ್ರ ಯಾಕೆ ಹಳದಿ, ಜೊತೇಲಿದ್ದ ಕೆಲವು ಯಾಕೆ ಗುಬ್ಬಿ ಥರಾನೇ ಇವೆ ಎಂದು ದೊಡ್ಡವರೊಬ್ಬರನ್ನು ಕೇಳಿದೆ. ಚೆನ್ನಾಗಿ ಬೈಸಿಕೊಂಡೆ. ಬೈದದ್ದು ಸರಿಯೇ. ಆದರೆ ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ಆಮೇಲೆ ಸಲೀಂ ಅಲಿಯವರ ಬಗ್ಗೆ ಓದಿದೆ. ಅವರೂ ಚಿಕ್ಕವರಿದ್ದಾಗ ನನ್ನ ಹಾಗೇ ಒಂದು ಸತ್ತ ಹಕ್ಕಿ ಹಿಡಿದುಕೊಂಡು ನಿಂತಿದ್ದರಂತೆ!

ಸಲೀಂ ಅಲಿ 1896ನೇ ಇಸವಿ ನವೆಂಬರ್ 12ರಂದು ಮುಂಬಯಿಯಲ್ಲಿ ಹುಟ್ಟಿದರು. ಮನೆಯ ಮಕ್ಕಳಲ್ಲಿ ಇವರೇ ಕೊನೆಯವರು. ವರ್ಷ ತುಂಬುವಾಗ ತಂದೆ ಹೋದರು, ಮೂರು ವರ್ಷಕ್ಕೆ ತಾಯಿಯೂ ಹೋದರು. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಮನೆಯಲ್ಲಿ ಬೆಳೆದರು. ಮಾವ ಒಂದು ಏರ್‌ಗನ್ ಕೊಡಿಸಿದ್ದರು. ಒಂದು ದಿನ ಹುಡುಗ ಅದರಿಂದ ಒಂದು ಗುಬ್ಬಿ ಹೊಡೆದ. ನೋಡಿದರೆ ಅದರ ಕತ್ತಿನಲ್ಲಿ ಹಳದಿ ಮಚ್ಚೆ! ಇದು ಯಾವ ಗುಬ್ಬಿ ಎಂದು ಮಾವನನ್ನು ಕೇಳಿದ. ಮಾವನಿಗೂ ಗೊತ್ತಿರಲಿಲ್ಲ. ಆದರೆ ಅವರು ಸುಮ್ಮನಿರು ಅಂತ ಗದರಿಸಲಿಲ್ಲ. ಒಂದು ಚೀಟಿ ಬರೆದುಕೊಟ್ಟು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು.

ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬ ಇಂಗ್ಲಿಷಿನವರು. ಆಗ ಬ್ರಿಟಿಷರ ಆಳ್ವಿಕೆ. ಹುಡುಗನಿಗೆ ಒಳಗೆ ಹೋಗಲು ಎಷ್ಟು ಭಯವಾಗಿರಬೇಡ! ಆದರೆ ಮಿಲ್ಲಾರ್ಡ್ ಅವರು ಹಕ್ಕಿಯನ್ನು ನೋಡಿ, ಇದು ಹಳದಿ ಕತ್ತಿನ ಗುಬ್ಬಿ ಎಂದು ತಿಳಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಬೀರುಗಳ ಖಾನೆ ಒಂದೊಂದಾಗಿ ಎಳೆದು, ಕೆಡದಂತೆ ತುಂಬಿಸಿಟ್ಟ ನೂರಾರು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕವನ್ನೂ ಕೊಟ್ಟರು. ಆವತ್ತು ಆ ಹುಡುಗನ ದಾರಿ ಬದಲಾಯಿತು.

ದಾರಿ ಸುಲಭವೇನೂ ಇರಲಿಲ್ಲ. ಅವರು ಓದಿನಲ್ಲಿ ಬಹಳ ಮುಂದಿದ್ದವರಲ್ಲ. ಲೆಕ್ಕ ಕಂಡರೆ ಆಗುತ್ತಿರಲಿಲ್ಲ. (ಇದನ್ನು ಓದಿ ನನಗೆ ಧೈರ್ಯ ಬಂತು!) ಮನೆಯವರ ವ್ಯಾಪಾರ ನೋಡಿಕೊಳ್ಳಲು ಬರ್ಮಾಕ್ಕೆ ಹೋದರು. ಅಲ್ಲೂ ಕಣ್ಣೆಲ್ಲ ಕಾಡಿನ ಹಕ್ಕಿಗಳ ಮೇಲೆ. ಪದವಿ ಇಲ್ಲವೆಂದು ಪಕ್ಷಿತಜ್ಞನ ಸರಕಾರಿ ಕೆಲಸ ಸಿಗಲಿಲ್ಲ. ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಬಂದವರಿಗೆ ವಿವರಿಸುವ ಕೆಲಸ ಮಾಡಿದರು. ಜರ್ಮನಿಗೆ ಹೋಗಿ, ಬರ್ಲಿನ್ನಿನಲ್ಲಿ ಸ್ಟ್ರೇಸಮನ್ ಎಂಬ ದೊಡ್ಡ ವಿಜ್ಞಾನಿಯ ಹತ್ತಿರ ಕಲಿತು, 1930ರಲ್ಲಿ ವಾಪಸ್ ಬಂದರೆ ಆ ಕೆಲಸವೂ ಹೋಗಿತ್ತು.

ಆಗ ಗಂಡ ಹೆಂಡತಿ ಇಬ್ಬರೂ ಕಿಹಿಮ್ ಎಂಬ ಸಮುದ್ರತೀರದ ಹಳ್ಳಿಗೆ ಹೋಗಿ ನೆಲೆಸಿದರು. ಮನೆ ಹತ್ತಿರವೇ ಗೀಜಗನ ಗೂಡುಗಳಿದ್ದವು. ಸಲೀಂ ಅಲಿ ದಿನಗಟ್ಟಲೆ ಅವನ್ನು ನೋಡುತ್ತಾ ಕೂತರು. ಕೆಲಸ ಇಲ್ಲದವನು ಹಕ್ಕಿ ನೋಡ್ತಾ ಕೂತಿದಾನೆ ಅಂತ ನಮ್ಮೂರಲ್ಲಾದರೆ ನಗ್ತಿದ್ದರು, ಅಲ್ವಾ? ಆದರೆ ಅವರು ಕಂಡದ್ದು ಕೇಳಿ. ಗಂಡು ಗೀಜಗ ಅರ್ಧ ಗೂಡು ನೇಯುತ್ತದೆ. ಹೆಣ್ಣು ಬಂದು ಪರೀಕ್ಷೆ ಮಾಡುತ್ತದೆ. ಒಪ್ಪಿದರೆ ಮಾತ್ರ ಗಂಡು ಪೂರ್ತಿ ಮಾಡುತ್ತದೆ. ಆಮೇಲೆ ಹೆಣ್ಣು ಮೊಟ್ಟೆಗೆ ಕಾವು ಕೂತರೆ, ಗಂಡು ಮತ್ತೊಂದು ಗೂಡು ಶುರು ಮಾಡುತ್ತದೆ! ನಮ್ಮ ಈಚಲು ಮರದಲ್ಲಿ ಅರ್ಧಕ್ಕೇ ಬಿಟ್ಟ ಗೂಡುಗಳು ಯಾಕಿವೆ ಎಂದು ನನಗೆ ಆಗ ತಿಳಿಯಿತು. ಹಳದಿ ತಲೆಯ ಗುಟ್ಟೂ ತಿಳಿಯಿತು. ಗೂಡು ಕಟ್ಟುವ ಕಾಲದಲ್ಲಿ ಗಂಡಿಗೆ ಮಾತ್ರ ಆ ಬಣ್ಣ ಬರುತ್ತದೆ. ನಾನು ಕೊಂದದ್ದು ಗೂಡು ನೇಯುತ್ತಿದ್ದ ಗಂಡನ್ನು.

1939ರಲ್ಲಿ ಹೆಂಡತಿ ತೆಹ್ಮಿನಾ ತೀರಿಕೊಂಡರು. ಆ ದುಃಖದಲ್ಲೂ ಅವರು ಕೆಲಸ ಬಿಡಲಿಲ್ಲ. 1939-40ರಲ್ಲಿ ನಮ್ಮ ಆಗಿನ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. 1941ರಲ್ಲಿ ಭಾರತದ ಹಕ್ಕಿಗಳ ಬಗ್ಗೆ ಅವರ ಪ್ರಸಿದ್ಧ ಪುಸ್ತಕ ಬಂತು. ಮುಂದೆ ರಿಪ್ಲಿ ಎಂಬುವರ ಜೊತೆ ಸೇರಿ 10 ಸಂಪುಟಗಳ ಮಹಾಗ್ರಂಥವನ್ನೇ ಬರೆದರು. ಭರತಪುರದ ಪಕ್ಷಿಧಾಮ, ಕೇರಳದ ಸೈಲೆಂಟ್ ವ್ಯಾಲಿ ಕಾಡು ಉಳಿಯಲು ದನಿ ಎತ್ತಿದರು. 1976ರಲ್ಲಿ ಪದ್ಮವಿಭೂಷಣ ಸಿಕ್ಕಿತು. 1987ರ ಜೂನ್ 20ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಒಂದು ಮಾತು ನಿಜ ಹೇಳಬೇಕು. ಆ ಕಾಲದಲ್ಲಿ ಅಭ್ಯಾಸಕ್ಕಾಗಿ ಹಕ್ಕಿಗಳನ್ನು ಹೊಡೆದು ಮಾದರಿ ಇಡುತ್ತಿದ್ದರು. ಸಲೀಂ ಅಲಿಯವರೂ ಹೊಡೆದಿದ್ದಾರೆ. ಹಾಗಂತ ನಾವು ಹೊಡೆಯಬಾರದು. ಗೀಜಗನಂಥ ಹಕ್ಕಿಗಳಿಗೆ ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ನೋಡಲು ಕಣ್ಣು ಸಾಕು, ಬರೆದಿಡಲು ಒಂದು ನೋಟ್‌ಬುಕ್ಕು ಸಾಕು.

ಗುರುಗಳಲ್ಲಿ ನನ್ನದೊಂದು ವಿನಂತಿ. ನಾವು ಹುಳವನ್ನೋ ಗರಿಯನ್ನೋ ಹಿಡಿದು ತಂದು ಕೇಳಿದಾಗ ದಯಮಾಡಿ ಓಡಿಸಬೇಡಿ. ಉತ್ತರ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಆ ಮಾವನಿಗೂ ಗೊತ್ತಿರಲಿಲ್ಲವಲ್ಲ! ಗೊತ್ತಿದ್ದವರ ಹತ್ತಿರ ಕಳಿಸಿದರೆ ಸಾಕು.

ಗೆಳೆಯರೇ, ಬಾವಿ ಹತ್ತಿರದ ಈಚಲು ಮರದಲ್ಲಿ ಈ ಮಳೆಗಾಲ ಹನ್ನೊಂದು ಗೂಡುಗಳಿವೆ. ನಾನು ದಿನಾ ಸಂಜೆ ಎಣಿಸಿ ಬರೆದಿಡುತ್ತಿದ್ದೇನೆ. ನೋಡಬೇಕು ಅನ್ನಿಸಿದವರು ಶಾಲೆ ಬಿಟ್ಟ ಮೇಲೆ ಬನ್ನಿ. ಕ್ಯಾಟರ್‌ಬಿಲ್ಲು ಮಾತ್ರ ಮನೇಲೇ ಬಿಟ್ಟು ಬನ್ನಿ.

ಇಂತಿ ನಿಮ್ಮವ,
ಎಂಟನೇ ತರಗತಿಯ ಒಬ್ಬ ವಿದ್ಯಾರ್ಥಿ