ಬಾರ್ಶಿ ರೈಲಿನ ನಿರ್ಮಾಪಕ ಎವರಾರ್ಡ್ ಕ್ಯಾಲ್ತ್ರಾಪ್

ನಮ್ಮ ತಾಲೂಕಿನವರು ಬಲ್ಲ ಜತ್ ರೋಡ್ ನಿಲ್ದಾಣದ ಮಾರ್ಗ ಇಂದು ಅಗಲ ಹಳಿಯದು; ಮೊದಲು ಅದು ಬಾರ್ಶಿ ಲೈಟ್ ರೈಲ್ವೆಯ ಕಿರುಹಳಿಯಾಗಿತ್ತು. ಆ ರೈಲನ್ನು ರೂಪಿಸಿದ ಎವರಾರ್ಡ್ ಕ್ಯಾಲ್ತ್ರಾಪ್ 1857ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿ, 1882ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಸೇವೆಗೆಂದು ಭಾರತಕ್ಕೆ ಬಂದರು. ಮಳೆ ಕಡಿಮೆಯಾದ ಬಯಲುಸೀಮೆ ದೊಡ್ಡ ರೈಲಿನ ವೆಚ್ಚವನ್ನು ತಾಳಲಾರದೆಂಬುದನ್ನು ಅವರು ಅರಿತರು. ಹಳಿಗಳ ಅಂತರವನ್ನು ಎರಡೂವರೆ ಅಡಿಗೆ ಇಳಿಸಿದರು. ಎಂಜಿನ್ನಿನದಾಗಲಿ ಡಬ್ಬಿಯದಾಗಲಿ, ಯಾವ ಅಚ್ಚಿನ ಮೇಲೂ 5 ಟನ್ನಿಗಿಂತ ಹೆಚ್ಚು ಭಾರ ಬೀಳಕೂಡದೆಂದು ನಿಯಮಿಸಿದರು. ಇದರಿಂದ ಹಗುರ ಹಳಿಯೇ ಸಾಕಾಯಿತು, ಖರ್ಚು ತಗ್ಗಿತು. ಆದರೆ ಭಾರವಿಲ್ಲದ ಚಕ್ರ ಹಳಿಯ ಮೇಲೆ ಜಾರುತ್ತದೆ. ಆದ್ದರಿಂದ ಲೀಡ್ಸ್ ನಗರದ ಕಿಟ್ಸನ್ ಕಾರ್ಖಾನೆ ನಿರ್ಮಿಸಿದ ಎಂಜಿನ್ನುಗಳಲ್ಲಿ ಎಂಟು ಚಕ್ರಗಳನ್ನು ಪರಸ್ಪರ ಜೋಡಿಸಿ, ನಾಲ್ಕು ಅಚ್ಚುಗಳ ಸುಮಾರು 20 ಟನ್ ಭಾರವನ್ನು ಎಳೆತಕ್ಕೆ ಒದಗಿಸಲಾಯಿತು. ಅವರ ನಿಜವಾದ ಜಾಣ್ಮೆ ಇಲ್ಲಿದೆಯೆಂದು ನನ್ನ ಎಣಿಕೆ. ಕುರ್ಡುವಾಡಿಯಲ್ಲಿ ದೊಡ್ಡ ರೈಲಿನಿಂದ ಸರಕನ್ನು ಇಳಿಸಿ ಏರಿಸುವ ತೊಡಕು ಮಾತ್ರ ಉಳಿಯಿತು. ಕಿರುಹಳಿಗೆ ಅದು ತಪ್ಪದ ತೆರಿಗೆ.

1897ರಲ್ಲಿ ಬಾರ್ಶಿಗೆ ಓಡಿದ ರೈಲು 1906ರಲ್ಲಿ ವಿಠ್ಠಲನ ಪಂಢರಪುರವನ್ನು ಮುಟ್ಟಿತು. ಗೆಳೆಯ ರೋಲ್ಸ್ 1910ರಲ್ಲಿ ವಿಮಾನಾಪಘಾತದಲ್ಲಿ ಮಡಿದ ಬಳಿಕ ಕ್ಯಾಲ್ತ್ರಾಪ್ ಪ್ಯಾರಾಚೂಟ್ ನಿರ್ಮಾಣಕ್ಕೆ ತೊಡಗಿದರು. ಅವರ ಕಿರುಹಳಿ ಮಿರಜವನ್ನು ತಲುಪಿದ್ದು 1927ರಲ್ಲಿ. ಅದೇ ವರ್ಷ ಅವರು ತೀರಿಕೊಂಡರು.